ಉಭಯ ಕುಶಲೋಪರಿ

ನನ್ನ ತವರು ಬಳ್ಳಾರಿ. ದಕ್ಷಿಣ ಆಫ್ರಿಕದ ಬೋಯರ್ ಯುದ್ಧದಲ್ಲಿ (1899-1902) ಸೆರೆಸಿಕ್ಕ ಡಚ್ ಮೂಲದ ರೈತರನ್ನು ಬ್ರಿಟಿಷರು ನಮ್ಮೂರಲ್ಲೂ ಕೂಡಿಟ್ಟಿದ್ದರೆಂದು ನನಗೆ ತಿಳಿದದ್ದು ಮೊಮ್ಮಕ್ಕಳಾದ ಮೇಲೆ! ಅವರ ಕಾಗದಗಳನ್ನು ಸೆನ್ಸಾರಿನವರು ಓದಿಯೇ ಕಳಿಸುತ್ತಿದ್ದರು. ಅತ್ತ ಎಷ್ಟೋ ಜನರ ಹೆಂಡತಿ ಮಕ್ಕಳೂ ಶಿಬಿರಗಳಲ್ಲಿ. 1901ರಲ್ಲಿ ಬ್ಲೂಮ್‌ಫಾಂಟೇನಿಗೆ ಹೋದ ಎಮಿಲಿ ಹಾಬ್‌ಹೌಸ್ ಆ ಗುಡಾರಗಳ ಹಸಿವು, ಜ್ವರಗಳನ್ನೆಲ್ಲ ಇಂಗ್ಲೆಂಡಿನ ಚಿಕ್ಕಮ್ಮನಿಗೆ ಬರೆದಳು. ಸುಮಾರು 28,000 ಬೋಯರರು ಸತ್ತರು, ಮುಕ್ಕಾಲು ಪಾಲು ಮಕ್ಕಳೇ. ಕಪ್ಪು ಜನರ ಶಿಬಿರಗಳಲ್ಲಿ ಸತ್ತವರ ಲೆಕ್ಕವನ್ನಂತೂ ಸರಿಯಾಗಿ ಇಡಲೂ ಇಲ್ಲ.

ಬಳ್ಳಾರಿಯಿಂದ "ಮಕ್ಕಳು ಹೇಗಿದ್ದಾರೆ?" ಎಂದು ಕೇಳಿದವನಿಗೆ ಆ ತಾಯಿ ಏನೆಂದು ಬರೆದಾಳು?

1971ರಲ್ಲಿ ಅಣ್ಣ ಗಡಿಯಲ್ಲಿದ್ದಾಗ ಅಪ್ಪ ತೀರಿಕೊಂಡರು. ಅಮ್ಮ ಹೇಳಿದಂತೆ ಇನ್‌ಲೆಂಡಿನಲ್ಲಿ ಬರೆದೆ: "ಇಲ್ಲಿ ಎಲ್ಲರೂ ಕ್ಷೇಮ." ಆ ಕಾಗದ ಇನ್ನೂ ಅಣ್ಣನ ಟ್ರಂಕಿನಲ್ಲಿದೆಯೆಂದು ಅತ್ತಿಗೆ ಹೇಳುತ್ತಾರೆ. ನಾನು ಕೇಳಿಲ್ಲ, ಅವನೂ ತೋರಿಸಿಲ್ಲ.