ತಡೆದ ಪದ, ತಡೆದ ಹೆಜ್ಜೆ

ಹಸಿರು ಮಸಿಯಲ್ಲಿ ‘ಕೆಂಪು’ ಎಂದು ಬರೆದು, ಮಸಿಯ ಬಣ್ಣ ಯಾವುದೆಂದು ಕೇಳಿದರೆ ಅಕ್ಷರ ಬಲ್ಲವನ ನಾಲಗೆ ಕ್ಷಣಕಾಲ ತಡವರಿಸುತ್ತದೆ. ಓದಿನ ರೂಢಿಯು ‘ಕೆಂಪು’ ಎನ್ನಲು ಮುನ್ನುಗ್ಗುತ್ತದೆ. ಅದನ್ನು ಅದುಮಿ ‘ಹಸಿರು’ ಎನ್ನಬೇಕು. ಅಮೆರಿಕದ ಮನೋವಿಜ್ಞಾನಿ ಜಾನ್ ರಿಡ್ಲಿ ಸ್ಟ್ರೂಪ್ 1935ರಲ್ಲಿ ಪ್ರಕಟಿಸಿದ ಈ ಪ್ರಯೋಗವು ಅವರ ಹೆಸರಿನಿಂದಲೇ ಪ್ರಸಿದ್ಧವಾಯಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2004ರಲ್ಲಿ ಹೊರತಂದ ನರಮನೋವೈಜ್ಞಾನಿಕ ಪರೀಕ್ಷೆಗಳ ಕೈಪಿಡಿಯಲ್ಲಿಯೂ ಇದಕ್ಕೆ ಸ್ಥಾನವಿದೆ. ಗಮನದ ಸ್ಥಿರತೆಯನ್ನೂ ಆವೇಗದ ಮೇಲಿನ ಹಿಡಿತವನ್ನೂ ಇಂಥ ಪರೀಕ್ಷೆಗಳು ಉತ್ತರಕ್ಕೆ ಹಿಡಿದ ಕಾಲದಿಂದ, ತಪ್ಪುಗಳ ಎಣಿಕೆಯಿಂದ ಅಳೆಯುತ್ತವೆ.

ಸಾಹಿತ್ಯದ ವಿದ್ಯಾರ್ಥಿಗೆ ಇದು ತೀರ ಅಪರಿಚಿತವಲ್ಲ. ಅವಧಾನದ ನಿಷೇಧಾಕ್ಷರಿಯಲ್ಲಿ ಪೃಚ್ಛಕನು ಹೆಜ್ಜೆಹೆಜ್ಜೆಗೂ ಒಂದು ಅಕ್ಷರವನ್ನು ನಿಷೇಧಿಸುತ್ತಾನೆ. ಅವಧಾನಿಯು ನಾಲಗೆಯ ತುದಿಗೆ ಬಂದ ಪದವನ್ನು ನುಂಗಿ, ಛಂದಸ್ಸೂ ಅರ್ಥವೂ ಕೆಡದಂತೆ ಬೇರೊಂದನ್ನು ತರಬೇಕು. ಅಪ್ರಸ್ತುತಪ್ರಸಂಗದವನು ನಡುನಡುವೆ ಅವನ ಗಮನವನ್ನು ಕದಡುತ್ತಲೇ ಇರುತ್ತಾನೆ. 2012ರಲ್ಲಿ ಆರ್. ಗಣೇಶರು ಬೆಂಗಳೂರಿನಲ್ಲಿ ಸಂಪೂರ್ಣ ಕನ್ನಡದಲ್ಲಿಯೇ ಶತಾವಧಾನ ನಡೆಸಿದರು. ಇಂಥ ಸಾಧನೆಯಲ್ಲಿ ಏಕಾಗ್ರತೆಯಷ್ಟೇ ಮುಖ್ಯವಾದುದು ಶಬ್ದಸಂಪತ್ತು. ಮೊದಲ ಪದವನ್ನು ಬಿಡಬಲ್ಲವನ ಬಳಿ ಎರಡನೆಯ ಪದವಿರುತ್ತದೆ.

ಪದವನ್ನು ತಡೆಯುವ ಈ ಕೆಲಸವೇ ಹೆಜ್ಜೆಯನ್ನು ತಡೆಯುವ ಕೆಲಸವಾಗುವ ನೆಲವೊಂದಿದೆ: ಹಾಸನ ಜಿಲ್ಲೆಯ ಸಕಲೇಶಪುರ, ಆಲೂರುಗಳ ಗುಡ್ಡಸೀಮೆ. ಇಲ್ಲಿ ಕಾಡಾನೆಗಳು ಸಮೀಪದಲ್ಲಿದ್ದರೆ ಜನರ ಮೊಬೈಲಿಗೆ ಸಂದೇಶ ಬರುತ್ತದೆ; ಕೆಲವೆಡೆ ರಸ್ತೆಬದಿಯಲ್ಲಿ ಕೆಂಪು ದೀಪ ಮಿನುಗುತ್ತದೆ. ಮಂಜು ಕವಿದ ಮುಂಜಾನೆ, ಕಾಫಿಗಿಡಗಳ ಆಚೆ ಏನಿದೆಯೆಂದು ಕಾಣದ ತಿರುವಿನಲ್ಲಿ, ಹಣ್ಣಿನ ಕೊಯ್ಲಿಗೆ ಹೊರಟ ಹೆಣ್ಣುಮಗಳು ದಿನವೂ ನಡೆದು ರೂಢಿಯಾದ ಹೆಜ್ಜೆಯನ್ನು ಅಲ್ಲಿಯೇ ನಿಲ್ಲಿಸಬೇಕು. ದೀಪವನ್ನು ಕಂಡೂ ಆಕೆ ಮುಂದೆ ನಡೆದರೆ, ಅದನ್ನು ಅಜಾಗರೂಕತೆ ಎಂದು ಕರೆಯುವುದು ಸುಲಭ.

ಆದರೆ ಅವಸರದ ತೀರ್ಪು ಅದು. ಬಿಸಿ ಲದ್ದಿಯನ್ನು, ಬೈನೆಮರ ಮುರಿಯುವ ಸದ್ದನ್ನು ಗುರುತಿಸಬಲ್ಲವಳ ಗಮನಕ್ಕೆ ಯಾವ ಕೊರತೆಯಿದ್ದೀತು? ಹಿಂದಿರುಗಿದರೆ ಅಂದಿನ ಕೂಲಿಯಿಲ್ಲ, ತೋಟಕ್ಕೆ ಬೇರೆ ದಾರಿಯಿಲ್ಲ, ಕರೆದೊಯ್ಯಲು ವಾಹನವಿಲ್ಲ ಎಂದಾದರೆ ಆಕೆಯ ಪಾಲಿಗೆ ಎರಡನೆಯ ಪದವೇ ಇಲ್ಲ. ಪರೀಕ್ಷೆಯ ಕೊಠಡಿಯಲ್ಲಿ ತಡೆದುಕೊಂಡವನು ಏನನ್ನೂ ಕಳೆದುಕೊಳ್ಳುವುದಿಲ್ಲ. ತಪ್ಪಿದವನು ಒಂದಂಕವನ್ನಷ್ಟೇ ಕಳೆದುಕೊಳ್ಳುತ್ತಾನೆ. ತೋಟದ ದಾರಿಯಲ್ಲಿ ತಡೆದುಕೊಂಡವಳಿಗೆ ದಿನದ ಅನ್ನ ಹೋಗುತ್ತದೆ, ತಪ್ಪಿದವಳಿಗೆ ಪ್ರಾಣ.

ನಿಲ್ಲೆಂದು ದೀಪ ಹೇಳುತ್ತದೆ. ನಿಂತವಳ ಆ ದಿನದ ಕೂಲಿಯನ್ನು ಯಾರು ಕೊಡುವರೆಂಬುದನ್ನು ಹೇಳಬೇಕಾದವರು ಮನುಷ್ಯರು.