ರಾಮನ ಬಿಲ್ಲು, ಹೋಟೆಲಿನ ಬಿಲ್ಲು

ಮೈಸೂರಿನ ಯಾವ ಹೋಟೆಲಿನಲ್ಲಿ ಕೂತರೂ ನನ್ನ ಆಟಕ್ಕೆ ಸಾಮಗ್ರಿ ಸಿಕ್ಕೇ ಸಿಗುತ್ತದೆ. ಕಪ್ಪಿನಲ್ಲಿ ಕಾಫಿ ಬರುತ್ತದೆ. ಹಾಲು ಬೆರೆಸದಿದ್ದರೆ ಕಾಫಿಯ ಬಣ್ಣವೂ ಕಪ್ಪೇ. ಕುಡಿದು ಮುಗಿಸಿದರೆ ಮಾಣಿ ಬಿಲ್ಲು ತಂದಿಡುತ್ತಾನೆ. ಜನಕನ ಸಭೆಯಲ್ಲಿ ರಾಮ ಮುರಿದದ್ದೂ ಬಿಲ್ಲನ್ನೇ. ಹೊರಗೆ ಬಂದರೆ ಕಾರೊಂದು ಹೊಗೆ ಕಾರುತ್ತಾ ಹೋಗುತ್ತದೆ. ಮುಂಗಾರಿನೊಳಗೆ ಕೂತಿರುವ ಮಳೆಗಾಲದ ಕಾರು ಇವೆರಡೂ ಅಲ್ಲ. ಬರೆದರೆ ಒಂದೇ, ಹುಟ್ಟು ಬೇರೆ: ಇಂಥವನ್ನು ಹಿಡಿದು ಸಿಕ್ಕ ಚೀಟಿಯ ಮೇಲೆ ಗೀಚಿಕೊಳ್ಳುವುದು ನನಗೆ ಅಂಟಿದ ಹುಚ್ಚು.

ಈ ತಮಾಷೆ ಇಂಗ್ಲಿಷಿನಲ್ಲೂ ಉಂಟು. ಕ್ರಿಕೆಟ್ಟಿನ ಬ್ಯಾಟಿಗೂ ಬಾವಲಿಯ ಬ್ಯಾಟಿಗೂ ನಂಟಿಲ್ಲ. ಬಾವಲಿಯ ಹೆಸರು ಸ್ಕ್ಯಾಂಡಿನೇವಿಯಾದ ಕಡೆಯದು. ಆದರೆ ನಮ್ಮಲ್ಲಿ ಇಂಥ ಜೋಡಿಗಳು ಹುಟ್ಟುವ ಬಗೆಯೇ ಸೊಗಸು. ವ್ಯಂಜನದಲ್ಲಿ ಮುಗಿಯುವ ಕಪ್, ಬಿಲ್, ಕಾರ್‌ಗಳಿಗೆ ಕನ್ನಡದ ನಾಲಗೆ ಒಂದು ಉಕಾರ ಸೇರಿಸುತ್ತದೆ. ಬಂದ ನೆಂಟನಿಗೆ ಮನೆಯ ಪಂಚೆ ಉಡಿಸಿದ ಹಾಗೆ. ಉಟ್ಟ ಮೇಲೆ ಅವನೂ ಮನೆಯವನಂತೆಯೇ ಕಾಣುತ್ತಾನೆ.

ಸಂಸ್ಕೃತದ ನೆಂಟರು ಇನ್ನೂ ಹಳಬರು. ದಸರೆಯಲ್ಲಿ 750 ಕಿಲೋ ತೂಕದ ಅಂಬಾರಿ ಹೊತ್ತು ಬರುವುದು ಕರಿ, ಅದರ ಮೈಬಣ್ಣವೂ ಕರಿ. ಬಣ್ಣದ ಕರಿ ನಮ್ಮದು. ಆನೆಯ ಕರಿ ಸಂಸ್ಕೃತದ್ದು. ಕರ, ಎಂದರೆ ಸೊಂಡಿಲು, ಉಳ್ಳದ್ದು. ಅರಿ ಎಂದರೆ ಕನ್ನಡದಲ್ಲಿ ತಿಳಿ, ಸಂಸ್ಕೃತದಲ್ಲಿ ಶತ್ರು.

ನನಗೆ ಹೆಚ್ಚು ರುಚಿಸುವುದು ಮನೆಯೊಳಗೇ ಹುಟ್ಟಿದ ಜೋಡಿಗಳು. "ಹಸುವನ್ನು ಕರೆ" ಎಂದರೆ ಕೂಗಬೇಕೋ, ಕೆಚ್ಚಲಿಗೆ ಕೈ ಹಾಕಬೇಕೋ? ಹಳಗನ್ನಡದವನಿಗೆ ಈ ಗೊಂದಲವಿರಲಿಲ್ಲ. ಕೂಗುವುದು ಕರೆ, ಹಾಲು ಹಿಂಡುವುದು ಕಱೆ. ಬದುಕುವುದು ಬಾೞ್, ಕತ್ತಿ ಬಾಳ್. 13ನೆಯ ಶತಮಾನದ ಕೇಶಿರಾಜ 'ಶಬ್ದಮಣಿದರ್ಪಣ'ದಲ್ಲಿ ೞಕಾರವನ್ನು ರಳ ಎಂದು ಕರೆದು, ಅದಿರುವ ಪದಗಳನ್ನು ಪಟ್ಟಿ ಮಾಡಿಟ್ಟ. ಬರಬರುತ್ತಾ ಱ ರಕಾರದಲ್ಲಿ ಕರಗಿತು, ೞ ಳಕಾರದಲ್ಲಿ. ಬೇರೆ ಬೇರೆ ಮನೆಯ ಪದಗಳು ಒಂದೇ ಬಾಗಿಲಲ್ಲಿ ಬಂದು ನಿಂತವು.

ಅವುಗಳ ಕುಲಗೋತ್ರ ವಿಚಾರಿಸಲು ನಾನು ಹೋಗುವುದು ಕಿಟ್ಟೆಲ್ ನಿಘಂಟಿನ ಬಳಿಗೆ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಅಚ್ಚು ಹಾಕಿದ ಆ ನಿಘಂಟಿನಲ್ಲಿ ಒಂದೇ ಕಾಗುಣಿತದ ಪದಗಳನ್ನು ಕಲಸಿಲ್ಲ. 1, 2, 3 ಎಂದು ಅಂಕಿ ಹಾಕಿ ಬೇರೆ ಬೇರೆ ಕೂರಿಸಿದ್ದಾರೆ. ಒಂದು ಪದ ನೋಡಲು ತೆರೆದರೆ ಮಧ್ಯಾಹ್ನವೇ ಕಳೆದಿರುತ್ತದೆ.

ಅಕ್ಷರಗಳು ಹೋದುವೆಂದು ನನಗೆ ಮರುಕವಿಲ್ಲ. ಕೊಟ್ಟಿಗೆಯಲ್ಲಿ ಚೆಂಬು ಹಿಡಿದವರು ಯಾರೂ "ಕರೆ" ಎಂದರೆ ಯಾವುದೆಂದು ಕೇಳುವುದಿಲ್ಲ. ಅಕ್ಷರ ಬಿಟ್ಟ ಕೆಲಸವನ್ನು ಸಂದರ್ಭ ಮಾಡುತ್ತದೆ. ನಿಘಂಟು ತೆರೆದಾಗ ಬೇಕಾದ ಅರ್ಥ ಸಿಕ್ಕಿತೆಂದು 1ರಲ್ಲೇ ನಿಲ್ಲಬೇಡಿ. 2ನ್ನೂ 3ನ್ನೂ ಓದಿ.