ಸೆಟ್ಟಿನ ಊರಲ್ಲಿ ಒಂದೇ ತಟ್ಟೆ ಊಟ

ಮೊರಾಕ್ಕೋ ಅಂದಕೂಡಲೇ ಚಿತ್ರರಸಿಕರಿಗೆ ನೆನಪಾಗುವುದು 1942ರ ‘ಕಾಸಾಬ್ಲಾಂಕಾ’. ಆದರೆ ಸ್ವಾರಸ್ಯ ಕೇಳಿ: ಆ ಚಿತ್ರ ತಯಾರಾದದ್ದು ಕ್ಯಾಲಿಫೋರ್ನಿಯಾದಲ್ಲಿ! ನಿಜವಾದ ಮೊರಾಕ್ಕೋದಲ್ಲಿ ಒಂದು ಊರಿದೆ, ವರ್ಜಾಜಾತ್ ಅಂತ. ಅದು ಬೇರೆ ದೇಶಗಳ ವೇಷ ಹಾಕಿಕೊಂಡೇ ಹೊಟ್ಟೆ ಹೊರೆಯುತ್ತಿದೆ. ಕಳೆದ ವರ್ಷ ಅಲ್ಲೊಂದು ಊಟ ಮಾಡಿ ಬಂದೆ. ಅದರ ಕಥೆಯೇ ಇದು.

ಮರಾಕೇಶ್‌ನಿಂದ ಬಸ್ಸಿನಲ್ಲಿ ಸುಮಾರು 200 ಕಿಲೋಮೀಟರ್. ನಡುವೆ 2260 ಮೀಟರ್ ಎತ್ತರದ ಟಿಜಿ ನ್ ಟಿಶ್ಕಾ ಘಾಟಿ. ತಿರುವುಗಳಲ್ಲಿ ನಮ್ಮ ಚಾರ್ಮಾಡಿಯೇ ನೆನಪಾಯ್ತು.

ನಾವು ಮೂವರು. ಗೆಳೆಯರಿಬ್ಬರೂ ದುಬೈನಲ್ಲಿ ಜಾಹೀರಾತು ಚಿತ್ರಗಳಿಗೆ ದುಡಿಯುವವರು. ಒಬ್ಬ ಮೇಕಪ್, ಇನ್ನೊಬ್ಬ ಲೈಟ್. ನನ್ನ ಟಿಕೆಟ್ ಮೇಕಪ್‌ನವನದು. (ನನ್ನಂಥ ಬಿಡಿ ಬರಹಗಾರನ ಜೇಬಿನ ಸ್ಥಿತಿ ನಿಮಗೆ ಗೊತ್ತಲ್ಲ!) ಆದರೆ ಲೈಟ್‌ನವನೂ ಬರ್ತಾನೆ ಅಂತ ಆ ಪುಣ್ಯಾತ್ಮ ಹೇಳಿರಲೇ ಇಲ್ಲ. ತಂಗಿಯ ಮದುವೆಗೆ ಅವನ ಹತ್ತಿರ 40 ಸಾವಿರ ತಗೊಂಡಿದ್ದೆ. ಎರಡು ವರ್ಷವಾದರೂ ಒಂದು ಪೈಸೆ ಕೊಟ್ಟಿರಲಿಲ್ಲ. ಅವನ ಫೋನ್ ಎತ್ತೋದನ್ನೂ ಬಿಟ್ಟಿದ್ದೆ. ಬಸ್ಸಿನುದ್ದಕ್ಕೂ ಅವನು ಒಂದು ಕಿಟಕಿ, ನಾನು ಇನ್ನೊಂದು ಕಿಟಕಿ!

ಬೆಳಿಗ್ಗೆ 1983ರಲ್ಲಿ ಶುರುವಾದ ಅಟ್ಲಾಸ್ ಸ್ಟುಡಿಯೋ ನೋಡಿದೆವು. ಈಜಿಪ್ಟಿನ ದೇವಾಲಯದ ಕಂಬ ಬೆರಳಲ್ಲಿ ತಟ್ಟಿದರೆ ಡಬಡಬ ಸದ್ದು. ಬರೀ ಪ್ಲಾಸ್ಟರ್! 1997ರ ‘ಕುಂದುನ್’ ಚಿತ್ರಕ್ಕೆ ಟಿಬೆಟ್ ಆದದ್ದೂ ಇದೇ ಊರು. ಹತ್ತಿರದ ಐತ್ ಬೆನ್ ಹದ್ದು ಎಂಬ ಮಣ್ಣಿನ ಕೋಟೆಯೂರು ‘ಲಾರೆನ್ಸ್ ಆಫ್ ಅರೇಬಿಯಾ’ದಲ್ಲೂ ಇದೆ, ‘ಗ್ಲಾಡಿಯೇಟರ್’ನಲ್ಲೂ ಇದೆ.

ಮಧ್ಯಾಹ್ನ ಹಸಿವು ತಡೆಯಲಾರದೆ ಬೀದಿಯ ಪುಟ್ಟ ಹೋಟೆಲಿಗೆ ನುಗ್ಗಿದೆವು. ಮೆನು ಫ್ರೆಂಚಿನಲ್ಲಿ. ಪಿಯುಸಿ ಅರ್ಧಕ್ಕೆ ಬಿಟ್ಟವನಿಗೆ ಫ್ರೆಂಚ್ ಎಲ್ಲಿ ಬರಬೇಕು? ‘ತಜೀನ್’ ಅಂದೆ. ಗೋಪುರದ ಮುಚ್ಚಳದ ಮಣ್ಣಿನ ಪಾತ್ರೆಯಲ್ಲಿ ಬೇಯುವ ಆ ಪದಾರ್ಥದ ಹೆಸರೊಂದೇ ನನಗೆ ಗೊತ್ತಿದ್ದದ್ದು. ಯಜಮಾನ ತಲೆಯಾಡಿಸಿದ. “ಇವತ್ತು ಶುಕ್ರವಾರ. ಕುಸ್‌ಕುಸ್!” ನಮಾಜು ಮುಗಿಸಿ ಮನೆಮಂದಿಯೆಲ್ಲ ಒಟ್ಟಿಗೆ ಕೂತು ಉಣ್ಣುವ ಊಟವಂತೆ ಅದು.

ಕುಸ್‌ಕುಸ್ ಅಂದರೆ ಬೇರೇನಲ್ಲ ಸ್ವಾಮಿ, ನಮ್ಮ ರವೆಯ ದಾಯಾದಿ! ಗೋಧಿ ರವೆಯನ್ನು ನೀರು, ಹಿಟ್ಟು ಚಿಮುಕಿಸಿ ಅಂಗೈಯಲ್ಲಿ ಉರುಳಿಸಿ ಸಣ್ಣ ಕಾಳು ಮಾಡುತ್ತಾರೆ. ಕೆಳಗೆ ಮಾಂಸ, ತರಕಾರಿ ಕುದಿಯುತ್ತಿದ್ದರೆ ಮೇಲಿನ ತೂತಿನ ಪಾತ್ರೆಯಲ್ಲಿ ಅದೇ ಹಬೆಗೆ ಈ ಕಾಳು ಬೇಯುತ್ತದೆ. ಇಳಿಸಿ, ಕೈಯಲ್ಲಿ ಉದುರಿಸಿ, ಮತ್ತೆ ಹಬೆಗೆ. ಹೀಗೆ ಎರಡು ಮೂರು ಸಲ. ನಮ್ಮ ಉಪ್ಪಿಟ್ಟಿಗೆ ಇಷ್ಟು ತಾಳ್ಮೆ ಯಾರಿಗಿದೆ? 2020ರಲ್ಲಿ ಯುನೆಸ್ಕೋ ಇದನ್ನು ಪರಂಪರೆಯ ಪಟ್ಟಿಗೆ ಸೇರಿಸಿತು. ಮೊರಾಕ್ಕೋ, ಅಲ್ಜೀರಿಯಾ, ಟುನೀಷಿಯಾ, ಮಾರಿಟೇನಿಯಾ ನಾಲ್ಕೂ ದೇಶಗಳ ಹೆಸರಲ್ಲಿ.

ಬಂತು ನೋಡಿ ಊಟ! ಮೂವರಿಗೂ ಒಂದೇ ದೊಡ್ಡ ತಟ್ಟೆ. ರವೆಯ ಗುಡ್ಡದ ಮೇಲೆ ಕುಂಬಳ, ಕ್ಯಾರೆಟ್, ಕೋಸು, ಕಡಲೆ; ನಡುವೆ ಕುರಿಮಾಂಸ. ಕುಡಿಯಲು ಲ್ಬೆನ್, ಸಾಕ್ಷಾತ್ ಮಜ್ಜಿಗೆ! ಯಜಮಾನ ನಿಯಮ ಹೇಳಿದ: ಬಲಗೈ, ನಿನ್ನ ಮುಂದಿರೋದನ್ನ ಮಾತ್ರ ತಿನ್ನು, ಬೇರೆಯವರ ಕಡೆ ಕೈ ಹಾಕಬೇಡ.

ನಾನು ತಲೆ ತಗ್ಗಿಸಿ ನನ್ನ ಮೂಲೆಯ ರವೆಯನ್ನಷ್ಟೇ ಕೆದಕುತ್ತಿದ್ದೆ. ನಡುವಿನ ಮಾಂಸಕ್ಕೆ ಕೈ ಹಾಕಲು ಮನಸ್ಸಾಗಲಿಲ್ಲ. ಅವನ ದುಡ್ಡು ತಿಂದವನು, ಅವನ ತಟ್ಟೆಯಲ್ಲೂ ಮೊದಲು ಕೈ ಹಾಕೋದೇ?

ಆಗ ಲೈಟ್‌ನವನು ಎಲುಬಿನಿಂದ ದೊಡ್ಡ ತುಂಡು ಬಿಡಿಸಿ ನನ್ನ ಕಡೆ ತಳ್ಳಿದ. “ತಿನ್ನೋ. ಇದನ್ನ ಲೆಕ್ಕಕ್ಕೆ ಸೇರಿಸಲ್ಲ.”

“ಕೊಡ್ತೀನಿ ಕಣೋ...” ಅಂದೆ.

“ದುಡ್ಡು ನಿಧಾನಕ್ಕೆ ಕೊಡು. ಫೋನ್ ಎತ್ತು, ಅಷ್ಟು ಸಾಕು.”

ಮೇಕಪ್‌ನವನು ನಗು ಮರೆಸಲು ಮಜ್ಜಿಗೆ ಲೋಟ ಎತ್ತಿಕೊಂಡ. ಕಳ್ಳ! ಎಲ್ಲ ಅವನದೇ ನಿರ್ದೇಶನ.

ಯಜಮಾನ ಪುದೀನ ಚಹಾ ಎತ್ತರದಿಂದ ನೊರೆ ಬರುವಂತೆ ಸುರಿದ. ‘ಗ್ಲಾಡಿಯೇಟರ್’ನ ಅಖಾಡದ ಜನಜಂಗುಳಿಯಲ್ಲಿ ತಾನೂ ಕೂಗಿದ್ದೆ ಅಂತ ಎದೆ ತಟ್ಟಿಕೊಂಡ. “ತೆರೆ ಮೇಲೆ ಕಾಣ್ತೀಯಾ?” ಅಂದೆ. “ಇಲ್ಲ. ಆದ್ರೆ ಕೂಗು ನಂದೇ!”

ಊರಿಗೆ ಬಂದ ಮೇಲೆ ಮೊದಲ ಕಂತು 5 ಸಾವಿರ ಕಳಿಸಿದ್ದೇನೆ. ಉಳಿದದ್ದು 35. ಫೋನ್ ಮಾತ್ರ ಮೊದಲ ರಿಂಗಿಗೇ ಎತ್ತುತ್ತೇನೆ.